ಬೇಡವಾದ ಹಸಿರು: ಹಿತ್ತಲಿನ ಕೋನಿಫರ್ ತೆಗೆದು ಮತ್ತೆ ನೆಡುವ ಪ್ರಶ್ನೆ

ಇಂಗ್ಲೆಂಡಿನಲ್ಲಿ 1970ರ ದಶಕದ ಬಡಾವಣೆಯೊಂದರಲ್ಲಿ ಹಳೆಯ ಮನೆ ಕೊಂಡವರಿಗೆ ಎಷ್ಟೋ ಸಲ ಮನೆಯ ಜೊತೆಗೆ ಒಂದು ಕೋನಿಫರ್ ಸಾಲೂ ಬರುತ್ತದೆ. ಹಿಂದಿನ ಮಾಲೀಕರು ಮೊಣಕಾಲೆತ್ತರದ ಸಸಿಗಳನ್ನು ತಂದು ಗಡಿಯುದ್ದಕ್ಕೂ ನೆಟ್ಟಿರುತ್ತಾರೆ. ಈಗ ಅವು ಮಹಡಿಯ ಕಿಟಕಿ ದಾಟಿ ನಿಂತಿರುತ್ತವೆ. ಅವುಗಳ ಬುಡದಲ್ಲಿ ಹುಲ್ಲು ಹತ್ತುವುದಿಲ್ಲ, ಅಡುಗೆಮನೆಯಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕು, ಪಕ್ಕದ ಮನೆಯವರು ಮುಖ ಕೊಟ್ಟು ಮಾತಾಡುವುದಿಲ್ಲ. ವೈದ್ಯಕೀಯಕ್ಕೆ, ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಇಲ್ಲೇ ನೆಲೆಯೂರಿದ ಕನ್ನಡ ಕುಟುಂಬಗಳಿಗೂ ಈ ತಾಪತ್ರಯ ಹೊಸದಲ್ಲ. ಕಡಿಯಬೇಕೇ, ಸವರಿ ಇಟ್ಟುಕೊಳ್ಳಬೇಕೇ, ಕಡಿದರೆ ಆ ನೆಲದಲ್ಲಿ ಮತ್ತೇನಾದರೂ ಬಂದೀತೇ ಎಂಬ ಪ್ರಶ್ನೆಗಳಿಗೆ ತೋಟಗಾರರು, ವಕೀಲರು, ಪಕ್ಷಿಪ್ರಿಯರು, ವಿಮೆಯವರು ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗಿದೆ. ಆ ಮರ ಇಷ್ಟು ವರ್ಷ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾವುದು ಮಾಡಬೇಕು ಎಂದು ಗೊತ್ತುಮಾಡಿಕೊಳ್ಳದೆ ಗರಗಸ ಹಿಡಿಯಬಾರದು. ಮರೆಗಾಗಿ ನೆಟ್ಟಿದ್ದರೇ, ಗಾಳಿ ತಡೆಯಲಿಕ್ಕೇ, ರಸ್ತೆಯ ದೂಳಿಗೇ, ಅಥವಾ ಆ ಕಾಲದ ಫ್ಯಾಷನ್ನಿಗೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಫ್ಯಾಷನ್ ಎಂದದ್ದು ಸುಮ್ಮನೆ ಅಲ್ಲ. ಬ್ರಿಟನ್ನಿನ ಮಣ್ಣಿನಲ್ಲಿ ತಾನಾಗಿ ಹುಟ್ಟಿದ ಕೋನಿಫರ್‌ಗಳು ಮೂರೇ ಮೂರು: ಯೂ, ಸ್ಕಾಟ್ಸ್ ಪೈನ್, ಜುನಿಪರ್. ಮಿಕ್ಕವೆಲ್ಲ ಹೊರಗಿನಿಂದ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಸಸ್ಯ ಹುಡುಕುವವರು ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಿಂದ ಚೀಲಗಟ್ಟಲೆ ಬೀಜ ಕಳಿಸಿದರು. ಸ್ಕಾಟ್ಲೆಂಡಿನ ಡೇವಿಡ್ ಡಗ್ಲಸ್ ಡಗ್ಲಸ್ ಫರ್, ಸಿಟ್ಕಾ ಸ್ಪ್ರೂಸ್, ಮಾಂಟೆರೆ ಪೈನ್‌ಗಳನ್ನು ಪರಿಚಯಿಸಿ 1834ರಲ್ಲಿ ಹವಾಯಿಯಲ್ಲಿ ತೀರಿಕೊಂಡ. 1853ರಲ್ಲಿ ವಿಲಿಯಂ ಲಾಬ್ ದೈತ್ಯ ಸೆಕ್ವೊಯಾದ ಬೀಜ ತಂದ. ಮರುವರ್ಷ ಒರೆಗಾನ್ ಗಡಿಯ ಒಂದು ಸೈಪ್ರೆಸ್‌ನ ಬೀಜ ಎಡಿನ್‌ಬರೋದ ಲಾಸನ್ ನರ್ಸರಿಗೆ ಬಂತು. ಲಾಸನ್ ಸೈಪ್ರೆಸ್ ಎಂದು ಹೆಸರಾದ ಆ ಒಂದು ಜಾತಿಯಿಂದಲೇ ನರ್ಸರಿಯವರು ಇನ್ನೂರಕ್ಕೂ ಹೆಚ್ಚು ತಳಿ ತೆಗೆದರು. ನೀಲಿ, ಹಳದಿ, ಬೂದಿ, ಕುಳ್ಳ, ಸಪೂರ, ಜೋಲು, ಎಲ್ಲ ಬಗೆಯೂ ಅದರಲ್ಲಿವೆ. ಶ್ರೀಮಂತರ ಎಸ್ಟೇಟುಗಳಲ್ಲಿ ಇವಕ್ಕೆ ಬೇಕಾದಷ್ಟು ಜಾಗವಿತ್ತು. ತೊಂದರೆ ಶುರುವಾದದ್ದು ಇವು ಸಣ್ಣ ಹಿತ್ತಲಿಗೆ ಇಳಿದಾಗ.

ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡ ಲೇಲ್ಯಾಂಡಿ ಮರದ ಹುಟ್ಟೇ ಒಂದು ಆಕಸ್ಮಿಕ. ಅದರ ತಂದೆತಾಯಿಗಳಾದ ಮಾಂಟೆರೆ ಸೈಪ್ರೆಸ್ ಮತ್ತು ನೂಟ್ಕಾ ಸೈಪ್ರೆಸ್ ಕಾಡಿನಲ್ಲಿ ಎಂದೂ ಭೇಟಿಯಾಗುವಂತಿಲ್ಲ. ಮೊದಲನೆಯದು ಕ್ಯಾಲಿಫೋರ್ನಿಯಾದ ಮಾಂಟೆರೆ ಕರಾವಳಿಯ ಎರಡು ತೋಪುಗಳಲ್ಲಿ ಮಾತ್ರ ಸಹಜವಾಗಿ ಉಳಿದಿದೆ, ಎರಡನೆಯದರ ನೆಲೆ ನೂರಾರು ಮೈಲಿ ಉತ್ತರಕ್ಕೆ ಅಲಾಸ್ಕಾದವರೆಗೆ ಹಬ್ಬಿದೆ. ವೇಲ್ಸ್‌ನ ವೆಲ್ಷ್‌ಪೂಲ್ ಬಳಿಯ ಲೈಟನ್ ಹಾಲ್ ಎಸ್ಟೇಟಿನಲ್ಲಿ ಎರಡನ್ನೂ ಹತ್ತಿರ ಹತ್ತಿರ ನೆಟ್ಟಿದ್ದರು. 1888ರಲ್ಲಿ ನೂಟ್ಕಾದ ಬೀಜದಿಂದ ಬಂದ ಸಸಿಗಳು ಮಿಶ್ರತಳಿಯವಾಗಿದ್ದವು. ಮನೆತನದ ಕ್ರಿಸ್ಟೋಫರ್ ಲೇಲ್ಯಾಂಡ್ ಅವನ್ನು ನಾರ್ಥಂಬರ್‌ಲೆಂಡಿನ ಹ್ಯಾಗರ್‌ಸ್ಟನ್ ಕಾಸಲ್‌ಗೆ ಒಯ್ದು ಬೆಳೆಸಿದ. 1926ರಲ್ಲಿ ಅದಕ್ಕೆ ಅವನ ಹೆಸರನ್ನೇ ಇಟ್ಟರು. ಮಾಂಟೆರೆ ಸೈಪ್ರೆಸ್ ನಮಗೂ ಅಪರಿಚಿತವಲ್ಲ, ಊಟಿಯ ಕಡೆ ಹೋದವರು ನೀಲಗಿರಿಯಲ್ಲಿ ಅದನ್ನು ಕಂಡಿರುತ್ತಾರೆ. ಅದರ ಈ ಮಗು ಮಾತ್ರ ತಂದೆತಾಯಿ ಇಬ್ಬರನ್ನೂ ಮೀರಿಸಿತು. ಬೀಜದಿಂದ ಸರಿಯಾಗಿ ಹುಟ್ಟದ ಈ ಮರ ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತದೆ. ಮಂಜಿನಂತೆ ನೀರು ಸಿಂಪಡಿಸಿ ಕಡ್ಡಿಗೆ ಬೇರು ಬರಿಸುವ ಏರ್ಪಾಡು ನರ್ಸರಿಗಳಿಗೆ ಬಂದ ಮೇಲೆ ಲಕ್ಷಗಟ್ಟಲೆ ಸಸಿ ಅಗ್ಗವಾಗಿ ಸಿಕ್ಕತೊಡಗಿದವು. ವರ್ಷಕ್ಕೆ ಸುಮಾರು ಒಂದು ಮೀಟರ್ ಏರುತ್ತದೆ, ಬಿಟ್ಟರೆ ಮೂವತ್ತು ಮೀಟರ್ ದಾಟುತ್ತದೆ. ಎರಡು ವರ್ಷದಲ್ಲಿ ಮರೆ ಬೇಕು ಎಂದವರಿಗೆ ಅದು ವರದಂತೆ ಕಂಡಿತು. ಇಪ್ಪತ್ತು ವರ್ಷದ ಮೇಲೆ ಏನಾಗುತ್ತದೆ ಎಂದು ಮಾರುವವರು ಹೇಳಲಿಲ್ಲ, ಕೊಳ್ಳುವವರು ಕೇಳಲಿಲ್ಲ.

ಇದೇ ಕಾಲಕ್ಕೆ ಇನ್ನೊಂದು ಅಲೆ ಎದ್ದಿತು. ನಾರ್ಫಕ್‌ನ ಬ್ರೆಸಿಂಗಮ್‌ನಲ್ಲಿ ಏಡ್ರಿಯನ್ ಬ್ಲೂಮ್ 1960ರ ದಶಕದಲ್ಲಿ ಕುಳ್ಳ ಕೋನಿಫರ್‌ಗಳನ್ನು ಹೆದರ್ ಗಿಡಗಳ ಜೊತೆ ಬೆರೆಸಿ ತೋಟ ಮಾಡಿ ತೋರಿಸಿದರು. ವರ್ಷವಿಡೀ ಬಣ್ಣ, ಕೆಲಸ ಕಡಿಮೆ. ದೇಶವೇ ಅದನ್ನು ಅನುಕರಿಸಿತು. ಬ್ಲೂಮ್ ಅವರ ತೋಟ ದೊಡ್ಡದು, ಅವರ ಕಣ್ಣು ಪಳಗಿದ್ದು. ಆದರೆ ನರ್ಸರಿಯ ಚೀಟಿಯಲ್ಲಿ ಕುಳ್ಳ ಎಂದು ಬರೆದದ್ದೆಲ್ಲ ಕುಳ್ಳವಾಗಿ ಉಳಿಯುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ ಎಂದಷ್ಟೇ ಅದರರ್ಥ. ಚೀಟಿಯಲ್ಲಿ ಕೊಡುವ ಎತ್ತರ ಸಾಮಾನ್ಯವಾಗಿ ಹತ್ತು ವರ್ಷದ್ದು, ಹನ್ನೊಂದನೆಯ ವರ್ಷಕ್ಕೆ ಮರ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಕುಂಡದಲ್ಲಿ ಮುದ್ದಾಗಿ ಕಾಣುವ ಲಾಸನ್ ಸೈಪ್ರೆಸ್‌ನ ಎಲ್ವುಡ್ ತಳಿ ಆರೇಳು ಮೀಟರ್ ಮುಟ್ಟಿದ್ದನ್ನು ಊರೂರಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟಿನ ಕಾಂಪೌಂಡಿನೊಳಗೆ ಕ್ರಿಸ್‌ಮಸ್ ಮರವೆಂದು ಕುಂಡದಿಂದ ಇಳಿಸಿದ ಅರೌಕೇರಿಯಾ ವಿದ್ಯುತ್ ತಂತಿಯನ್ನೂ ಮೀರಿ ಹೋದದ್ದು ಇದೇ ಕಥೆ.

ಇವನ್ನು ಸವರಿ ಹದದಲ್ಲಿ ಇಡಬಾರದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮರದ ಒಳಗಿದೆ. ಲೇಲ್ಯಾಂಡಿಯ ಬೇಲಿಯನ್ನು ಎರಡು ಕೈಯಿಂದ ಸರಿಸಿ ಒಳಗೆ ಇಣುಕಿ ನೋಡಿ. ಹೊರಗಿನ ಹಸಿರು ಒಂದು ಗೇಣು ದಪ್ಪವಿದ್ದರೆ ಹೆಚ್ಚು. ಅದರ ಹಿಂದೆಲ್ಲ ಕಂದುಬಣ್ಣದ ಒಣ ಕಡ್ಡಿ, ಮುಟ್ಟಿದರೆ ಉದುರುವ ಪುಡಿ, ಕೊರಳಿಗೆ ಅಂಟುವ ದೂಳು, ಯಾವಾಗಲೋ ಸಿಕ್ಕಿಕೊಂಡ ಮಕ್ಕಳ ಚೆಂಡು. ಆ ಕಂದು ಕಡ್ಡಿಯಿಂದ ಮತ್ತೆ ಚಿಗುರು ಬರುವುದಿಲ್ಲ. ಹಸಿರಿನ ಗೆರೆ ದಾಟಿ ಕತ್ತರಿಸಿದರೆ ಆ ಭಾಗ ಬೋಳಾಗಿಯೇ ಉಳಿಯುತ್ತದೆ. ನೆತ್ತಿಯನ್ನು ಮೂರನೇ ಒಂದು ಭಾಗ ಇಳಿಸಬಹುದು, ಬದಿಗಳನ್ನು ಪ್ರತಿವರ್ಷ ತೆಳುವಾಗಿ ಸವರಬಹುದು, ಅಗಲ ಮಾತ್ರ ಕಡಿಮೆ ಮಾಡಲಾಗುವುದಿಲ್ಲ. ಮೊದಲ ದಿನದಿಂದ ವರ್ಷಕ್ಕೆ ಎರಡು ಮೂರು ಸಲ ಸವರುತ್ತ ಬಂದ ಬೇಲಿ ಅಚ್ಚುಕಟ್ಟಾಗಿಯೇ ಇರುತ್ತದೆ. ಕೈಬಿಟ್ಟು ಹತ್ತು ವರ್ಷವಾದ ಬೇಲಿಗೆ ಆ ದಾರಿ ಮುಚ್ಚಿದೆ. ಇದರ ಮೇಲೆ ಸೈಪ್ರೆಸ್ ಹೇನಿನ ಕಾಟವೂ ಇದೆ. ವಸಂತ, ಬೇಸಿಗೆಯಲ್ಲಿ ಅದು ರಸ ಹೀರುತ್ತದೆ, ಬೇಲಿಯಲ್ಲಿ ಕಂದು ತೇಪೆ ಕಾಣುವ ಹೊತ್ತಿಗೆ ಹೇನು ಜಾಗ ಖಾಲಿ ಮಾಡಿರುತ್ತದೆ.

ಯೂ ಮಾತ್ರ ಇದಕ್ಕೆ ಅಪವಾದ. ಕಾಂಡದವರೆಗೆ ಕತ್ತರಿಸಿದರೂ ಅದು ಚಿಗುರುತ್ತದೆ. ಒಂದು ವರ್ಷ ಒಂದು ಬದಿ, ಅದು ಚೇತರಿಸಿಕೊಂಡ ಮೇಲೆ ಇನ್ನೊಂದು ಬದಿ ಎಂದು ಕತ್ತರಿಸಿ ಮುದಿ ಯೂ ಬೇಲಿಯನ್ನು ಹೊಸದು ಮಾಡಬಹುದು. ಕಪ್ಪಗೆ ಬೆಳೆದು ನಿಂತಿದೆ ಎಂಬ ಒಂದೇ ಕಾರಣಕ್ಕೆ ಯೂ ಮರವನ್ನು ಲೇಲ್ಯಾಂಡಿಯ ಲೆಕ್ಕಕ್ಕೆ ಸೇರಿಸಿ ಉರುಳಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗರಗಸದವರನ್ನು ಕರೆಸುವ ಮೊದಲು ಮರ ಯಾವುದೆಂದು ತಿಳಿದವರಿಂದ ಗುರುತು ಹಿಡಿಸಬೇಕು. ಯೂವಿನ ಎಲೆ ಚಪ್ಪಟೆ ಸೂಜಿಯಂತೆ ಕಡ್ಡಿಯ ಎರಡೂ ಬದಿಗೆ ಹರಡಿರುತ್ತದೆ, ಕಾಯಿಯ ಬದಲು ಕೆಂಪು ಬಟ್ಟಲಿನಂಥ ಹಣ್ಣು. ಸೈಪ್ರೆಸ್‌ನ ಎಲೆ ಹೆಣೆದ ಪೊರೆಯ ಹಾಗೆ ಕಡ್ಡಿಗೆ ಅಂಟಿಕೊಂಡಿರುತ್ತದೆ. ಯೂವಿನ ಎಲೆ, ಬೀಜ ಎರಡೂ ವಿಷ ಎಂಬುದು ಮಕ್ಕಳಿರುವ ಮನೆಯವರ ನೆನಪಿನಲ್ಲಿರಲಿ.

ಕಾನೂನಿನ ಭಾಗವನ್ನು ಬ್ರಿಟನ್ನಿನ ಹಿತ್ತಲುಗಳೇ ಬರೆಸಿದವು ಎನ್ನಬಹುದು. 1990ರ ದಶಕದಲ್ಲಿ ಲೇಲ್ಯಾಂಡಿ ಬೇಲಿಯ ಜಗಳಗಳು ಕೋರ್ಟು ಮೆಟ್ಟಿಲೇರಿದವು, ಕೊಲೆಯವರೆಗೂ ಹೋದದ್ದುಂಟು. ಕೊನೆಗೆ 2003ರ ಸಮಾಜವಿರೋಧಿ ವರ್ತನೆ ಕಾಯ್ದೆಯಲ್ಲಿ ಎತ್ತರದ ಬೇಲಿಗಳಿಗೆಂದೇ ಒಂದು ಭಾಗ ಸೇರಿತು. ಇಂಗ್ಲೆಂಡಿನಲ್ಲಿ ಅದು 2005ರ ಜೂನ್‌ನಿಂದ ಜಾರಿಯಲ್ಲಿದೆ. ಎರಡು ಅಥವಾ ಹೆಚ್ಚು ನಿತ್ಯಹಸಿರು ಮರಗಳ ಸಾಲು ಎರಡು ಮೀಟರ್ ಮೀರಿ ನೆರೆಯವರ ಬೆಳಕಿಗೆ ಅಡ್ಡಿಯಾದರೆ ಅವರು ಕೌನ್ಸಿಲ್‌ಗೆ ಶುಲ್ಕ ಕಟ್ಟಿ ದೂರು ಕೊಡಬಹುದು. ಕೌನ್ಸಿಲ್ ಎತ್ತರ ಇಳಿಸಲು ಹೇಳಬಹುದೇ ಹೊರತು ಬೇಲಿಯನ್ನು ಪೂರ್ತಿ ತೆಗೆಯಿರಿ ಎನ್ನುವಂತಿಲ್ಲ, ಎರಡು ಮೀಟರಿಗಿಂತ ಕೆಳಗೆ ಇಳಿಸಿ ಎಂದೂ ಹೇಳುವಂತಿಲ್ಲ. ಒಂಟಿ ಮರಕ್ಕೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಸ್ಕಾಟ್ಲೆಂಡಿನ ಕಾಯ್ದೆ 2013ರದ್ದು. ಅದು ಬೇರೆಯದೇ.

ನಿಮ್ಮದೇ ಮರವಾದರೂ ಕಡಿಯುವ ಹಕ್ಕು ಪೂರ್ತಿ ನಿಮ್ಮದಲ್ಲ. ಕೌನ್ಸಿಲ್ ಸಂರಕ್ಷಣಾ ಆದೇಶ ಹೊರಡಿಸಿದ ಮರವನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಸಂರಕ್ಷಿತ ಪ್ರದೇಶದಲ್ಲಿ ಮನೆಯಿದ್ದರೆ, ಎದೆಮಟ್ಟದಲ್ಲಿ 75 ಮಿಲಿಮೀಟರ್‌ಗಿಂತ ದಪ್ಪ ಕಾಂಡದ ಮರ ಕಡಿಯಲು ಆರು ವಾರ ಮೊದಲೇ ತಿಳಿಸಬೇಕು. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಕ್ಕಿ ಬಳಸುತ್ತಿರುವ ಗೂಡನ್ನು ಕೆಡವುವುದು ಅಪರಾಧ. ಹೀಗಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬೇಲಿ ತೆಗೆಯುವ ಕೆಲಸ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಕರ್ನಾಟಕದಲ್ಲೂ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಮನೆಯಂಗಳದ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಅರೌಕೇರಿಯಾ ತೆಗೆಸಲು ಹೊರಟವರು ಮರೆಯಬಾರದ ಸಂಗತಿ.

ಕಾನೂನಿಗಿಂತ ಗಂಭೀರವಾದದ್ದು ಮಣ್ಣಿನ ಮಾತು. ಲಂಡನ್, ಎಸೆಕ್ಸ್, ಕೆಂಟ್ ಸುತ್ತಿನ ಜೇಡಿಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. 1976ರ ಬರಗಾಲದಲ್ಲಿ ಮನೆಗಳ ತಳಪಾಯ ಕುಸಿದು ವಿಮೆಯವರ ಮುಂದೆ ದಾವೆಗಳು ರಾಶಿಬಿದ್ದ ಮೇಲೆ ಮರದ ಬೇರು ಮತ್ತು ಗೋಡೆಯ ಬಿರುಕಿನ ನಂಟು ಎಲ್ಲರ ಬಾಯಿಗೆ ಬಂತು. ಆದರೆ ಇದರ ಇನ್ನೊಂದು ಮುಖ ಹೆಚ್ಚಿನವರಿಗೆ ಗೊತ್ತಿಲ್ಲ. ಮನೆಗಿಂತ ಹಳೆಯದಾದ ದೊಡ್ಡ ಮರವನ್ನು ಒಮ್ಮೆಲೇ ತೆಗೆದರೆ, ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ನೆಲ ಮೇಲೇಳುತ್ತದೆ, ತಳಪಾಯವನ್ನೂ ಎತ್ತುತ್ತದೆ. ಜೇಡಿಮಣ್ಣಿನಲ್ಲಿ ಮನೆಗೆ ಹತ್ತಿರವಿರುವ ಮರ ತೆಗೆಸುವ ಮುನ್ನ ಕಟ್ಟಡದ ಎಂಜಿನಿಯರ್ ಒಬ್ಬರಿಗೆ ಕೊಡುವ ಶುಲ್ಕ ದಂಡವಲ್ಲ.

ಕಡಿಯುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೊಡ್ಡ ಮರ ಉರುಳಿಸುವುದು ತರಬೇತಿ, ವಿಮೆ ಎರಡೂ ಇರುವವರ ಕೆಲಸ. ಆಳೆತ್ತರದ ಗಿಡವನ್ನು ಮನೆಯವರೇ ತೆಗೆಯಬಹುದು. ಆಗ ನೆಲಮಟ್ಟಕ್ಕೆ ಕಡಿಯಬಾರದು, ಸೊಂಟದೆತ್ತರ ಕಾಂಡ ಬಿಡಬೇಕು. ಸುತ್ತ ಅಗೆದು ಬೇರು ಕತ್ತರಿಸುತ್ತ ಬಂದು ಆ ಕಾಂಡವನ್ನೇ ಹಿಡಿದು ಅಲುಗಾಡಿಸಿದರೆ ಬೊಡ್ಡೆ ಸಮೇತ ಮೇಲೇಳುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಲೇಲ್ಯಾಂಡಿಯ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ. ದೊಡ್ಡ ಬೊಡ್ಡೆಯನ್ನು ಯಂತ್ರದಿಂದ ಅರೆಸಬಹುದು, ಒಳಗೆ ಗ್ಯಾಸ್, ನೀರಿನ ಪೈಪು ಎಲ್ಲಿ ಹೋಗಿದೆಯೆಂದು ನೋಡಿಕೊಂಡ ಮೇಲೆ. ಬೊಡ್ಡೆಗೆ ವಿಷ ಹಚ್ಚುವ ರೂಢಿಯಿದೆ. ಸೈಪ್ರೆಸ್, ಸ್ಪ್ರೂಸ್, ಪೈನ್‌ಗಳಿಗೆ ಅದು ಅನಗತ್ಯ, ನೆಲಮಟ್ಟಕ್ಕೆ ಕಡಿದರೆ ಇವು ಮತ್ತೆ ಚಿಗುರುವುದಿಲ್ಲ. ಆದರೂ ಬೊಡ್ಡೆ ತೆಗೆಸುವುದು ಮೇಲು ಎನ್ನುವುದಕ್ಕೆ ಕಾರಣ ಜೇನುಬಣ್ಣದ ಅಣಬೆ, ಆರ್ಮಿಲೇರಿಯಾ. ಸತ್ತ ಬೊಡ್ಡೆಯಲ್ಲಿ ಬೀಡುಬಿಟ್ಟು, ಮಣ್ಣಿನಲ್ಲಿ ಕಪ್ಪು ಬೂಟುದಾರದಂಥ ಎಳೆ ಚಾಚಿ, ಪಕ್ಕದ ಜೀವಂತ ಗಿಡಗಳ ಬೇರಿಗೂ ಅದು ಕೈಹಾಕುತ್ತದೆ. ಲಾಸನ್ ಸೈಪ್ರೆಸ್ ತಾನಾಗಿ ಒಣಗಿದ್ದರೆ ಇನ್ನೊಂದು ಅನುಮಾನವಿರಲಿ. ಬೇರು ಕೊಳೆಸುವ ಫೈಟಾಫ್ತೋರಾ ಲ್ಯಾಟರಾಲಿಸ್ 2010ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾಯಿತು. ಅಂಥ ಜಾಗದಲ್ಲಿ ಮತ್ತೆ ಸೈಪ್ರೆಸ್ ನೆಡುವುದು ಬೇಡ.

ಇನ್ನು ಎಲ್ಲರೂ ಹೇಳುವ ಮಾತು: ಕೋನಿಫರ್ ಇದ್ದ ನೆಲ ಹುಳಿ, ಅಲ್ಲಿ ಇನ್ನೇನೂ ಬೆಳೆಯದು. ಇದರಲ್ಲಿ ಸತ್ಯ ಸ್ವಲ್ಪ, ಹೆದರಿಕೆ ಹೆಚ್ಚು. ಉದುರಿದ ಸೂಜಿಗಳು ಮೇಲ್ಪದರವನ್ನು ತುಸು ಹುಳಿಯಾಗಿಸಬಹುದು. ಹಿತ್ತಲಿನ ಒಂದು ಸಾಲು ಮರ ಮಣ್ಣಿನ ಗುಣವನ್ನೇ ಬದಲಿಸುವುದು ಅಪರೂಪ. ಅಗ್ಗದ ಪರೀಕ್ಷಾ ಕಿಟ್‌ನಿಂದ ಅಳೆದು ನೋಡಿ, ಬೇಕಿದ್ದರೆ ಮಾತ್ರ ಸುಣ್ಣ ಹಾಕಿದರೆ ಸಾಕು. ಅಲ್ಲಿ ಹಿಂದೆ ಏನೂ ಬೆಳೆಯದೇ ಇದ್ದದ್ದಕ್ಕೆ ಕಾರಣ ಬೇರೆ. ದಟ್ಟ ಎಲೆ ಮಳೆಯನ್ನು ನೆಲಕ್ಕೆ ಬಿಡುತ್ತಿರಲಿಲ್ಲ, ಮೇಲ್ಮೈಯಲ್ಲೇ ಹರಡಿದ ಬೇರು ಇದ್ದಬದ್ದ ನೀರನ್ನೆಲ್ಲ ಹೀರುತ್ತಿತ್ತು, ಬೆಳಕಂತೂ ಇರಲೇ ಇಲ್ಲ. ಮರ ಹೋದ ಮೇಲೆ ಗುದ್ದಲಿ ಹಾಕಿ ನೋಡಿ. ನವೆಂಬರಿನ ಮಳೆಯಲ್ಲೂ ಒಂದು ಗೇಣಿನ ಕೆಳಗೆ ಮಣ್ಣು ಬೂದಿಯಂತೆ ಒಣಗಿರುತ್ತದೆ, ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟುವುದಿಲ್ಲ, ಎರೆಹುಳು ಕಾಣುವುದಿಲ್ಲ. ಆ ಮಣ್ಣಿಗೆ ಬೇಕಾದದ್ದು ನೀರು, ಚೆನ್ನಾಗಿ ಕಳಿತ ಗೊಬ್ಬರ, ಒಂದು ಚಳಿಗಾಲದ ಬಿಡುವು.

ಬೊಡ್ಡೆ ಅರೆದ ಪುಡಿಯ ರಾಶಿಯನ್ನು ಗುಂಡಿಗೇ ತಳ್ಳಿ ಮಣ್ಣು ಮುಚ್ಚುವ ಅವಸರ ಅನೇಕರದು. ಮಣ್ಣಿನಲ್ಲಿ ಬೆರೆತ ಹಸಿ ಮರದ ಪುಡಿ ಕೊಳೆಯುವಾಗ ಅಲ್ಲಿನ ಸಾರಜನಕವನ್ನು ತಾನೇ ಬಳಸಿಕೊಳ್ಳುತ್ತದೆ, ಹೊಸ ಸಸಿ ಹಳದಿಯಾಗಿ ನಿಲ್ಲುತ್ತದೆ. ಅದೇ ಪುಡಿಯನ್ನು ಕೆಲವು ತಿಂಗಳು ರಾಶಿ ಹಾಕಿಟ್ಟು, ಆಮೇಲೆ ಮಣ್ಣಿನ ಮೇಲೆ ಹೊದಿಕೆಯಾಗಿ ಹರಡಿದರೆ ತೇವ ಹಿಡಿಯುತ್ತದೆ, ಕಳೆ ತಡೆಯುತ್ತದೆ. ಕಾಲುದಾರಿಗಂತೂ ಬಹಳ ಚೆನ್ನ. ಮೊದಲ ವಸಂತದಲ್ಲಿ ಅಲ್ಲಿ ನೀವು ಬಿತ್ತದೆ ಇರುವುದೆಲ್ಲ ಮೊಳೆಯುತ್ತದೆ. ಬೆಳಕಿಗಾಗಿ ಕಾದು ಮಲಗಿದ್ದ ಕಳೆಬೀಜಗಳು ಅವು. ಹೂ ಬಿಡುವ ಮೊದಲೇ ಕಿತ್ತರೆ ಮುಂದಿನ ವರ್ಷ ಅರ್ಧ ಕೆಲಸ ಮುಗಿದ ಹಾಗೆ.

ಏನು ನೆಡಬೇಕು? ತೆಗೆದ ಮಾರನೆಯ ವಾರವೇ ಕುಂಡದ ಚೆರಿ ಲಾರೆಲ್ ತಂದು ಸಾಲಾಗಿ ನೆಡುವವರಿದ್ದಾರೆ. ನನ್ನ ಮಟ್ಟಿಗೆ ಇದು ಹಳೆಯ ತೊಂದರೆಗೆ ಹೊಸ ಎಲೆ ಅಂಟಿಸಿದಂತೆ. ಅದೂ ನಿತ್ಯಹಸಿರು, ಅದೂ ಬಿರುಸಾಗಿ ಬೆಳೆಯುತ್ತದೆ, ಎತ್ತರದ ಬೇಲಿಯ ಕಾಯ್ದೆ ಅದಕ್ಕೂ ಅನ್ವಯ. ಹಕ್ಕಿಗಳು ಅದರ ಬೀಜವನ್ನು ಕಾಡಿಗೂ ಒಯ್ದು ಹರಡುತ್ತವೆ. ಮರೆ ಬೇಕಾದವರಿಗೆ ಹಾರ್ನ್‌ಬೀಮ್ ಅಥವಾ ಬೀಚ್ ನನ್ನ ಆಯ್ಕೆ. ಎರಡೂ ಎಲೆ ಉದುರುವ ಜಾತಿಯವಾದರೂ ಬೇಲಿಯಾಗಿ ಸವರಿದಾಗ ಒಣಗಿದ ತಾಮ್ರಬಣ್ಣದ ಎಲೆಯನ್ನು ಚಳಿಗಾಲ ಮುಗಿಯುವವರೆಗೂ ಬಹುಪಾಲು ಹಿಡಿದುಕೊಂಡಿರುತ್ತವೆ. ಒದ್ದೆ ಜೇಡಿಗೆ ಹಾರ್ನ್‌ಬೀಮ್, ನೀರು ಬಸಿಯುವ ನೆಲಕ್ಕೆ ಬೀಚ್. ಖರ್ಚು ಕಡಿಮೆ ಇರಲಿ, ಹಕ್ಕಿ ಬರಲಿ ಎನ್ನುವವರಿಗೆ ಹಾಥಾರ್ನ್. ವಸಂತದಲ್ಲಿ ಬಿಳಿ ಹೂ, ಶರತ್ಕಾಲದಲ್ಲಿ ಕೆಂಪು ಹಣ್ಣು, ಉತ್ತರದಿಂದ ಬರುವ ಫೀಲ್ಡ್‌ಫೇರ್, ರೆಡ್‌ವಿಂಗ್ ಹಕ್ಕಿಗಳಿಗೆ ಅದೇ ಊಟ. ರಸ್ತೆಯ ಹೊಗೆಗೆ ತಡೆ ಬೇಕಾದರೆ ಕೊಟೊನಿಯಾಸ್ಟರ್ ಫ್ರಾಂಚೆಟಿ ಒಳ್ಳೆಯದೆಂದು ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಲ್ಲಿ ಹೇಳಿತು, ಅದರ ರೋಮದಂಥ ಎಲೆಗೆ ವಾಹನದ ದೂಳು ಹಿಡಿಯುತ್ತದೆ. ಬಾಕ್ಸ್ ಗಿಡವನ್ನು ಈಗ ಯಾರಿಗೂ ಹೇಳುವಂತಿಲ್ಲ, ಒಂದು ಕಡೆ ಶಿಲೀಂಧ್ರ ರೋಗ, ಇನ್ನೊಂದು ಕಡೆ ಕಂಬಳಿಹುಳು.

ನವೆಂಬರಿನಿಂದ ಮಾರ್ಚ್‌ವರೆಗೆ ಮಣ್ಣಿಲ್ಲದ ಬರಿಬೇರಿನ ಸಸಿಗಳು ಕುಂಡದ ಗಿಡದ ಬೆಲೆಯ ಒಂದು ಪಾಲಿಗೆ ಸಿಗುತ್ತವೆ. ಬೆತ್ತದಷ್ಟು ಸಪೂರದ ಆ ಸಸಿಗಳನ್ನು ಎರಡು ಸಾಲಿನಲ್ಲಿ, ಒಂದರ ಎದುರಿಗೆ ಒಂದು ಬಾರದಂತೆ, ಮೀಟರಿಗೆ ಐದರಂತೆ ನೆಟ್ಟರೆ ದಟ್ಟ ಬೇಲಿಯಾಗುತ್ತದೆ. ಮೂರು ನಾಲ್ಕು ವರ್ಷ ಕಾಯಬೇಕು. ಆ ಅವಧಿಗೆ ಮರದ ಜಾಲರಿ ನಿಲ್ಲಿಸಿ ಬಳ್ಳಿ ಹಬ್ಬಿಸಬಹುದು. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬಾರದು. ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 2022ರ ಜುಲೈ 19ರಂದು ತಾಪಮಾನ 40.3 ಡಿಗ್ರಿ ಮುಟ್ಟಿದ ದೇಶವಿದು. ಮಳೆಯ ನಾಡು ಎಂಬ ಹಳೆಯ ನಂಬಿಕೆಯ ಮೇಲೆ ಸಸಿ ಬದುಕುವುದಿಲ್ಲ.

ಎಲ್ಲ ಕೋನಿಫರ್ ತೆಗೆಯಿರಿ ಎಂದು ನಾನು ಹೇಳಲಾರೆ. ಬ್ರಿಟನ್ನಿನ ಅತಿ ಪುಟ್ಟ ಹಕ್ಕಿ ಗೋಲ್ಡ್‌ಕ್ರೆಸ್ಟ್, ಐದಾರು ಗ್ರಾಮಿನದು, ಗೂಡಿಗೆ ನೆಚ್ಚಿಕೊಂಡಿರುವುದು ಇವನ್ನೇ. ಕೋಲ್ ಟಿಟ್ ಕೂಡ ಇವುಗಳ ಕೊಂಬೆಗಳಲ್ಲೇ ಹುಳು ಹುಡುಕುತ್ತದೆ. ಆಚೆ ಕಡೆ ಗದ್ದಲದ ರಸ್ತೆಯಿದ್ದು, ಮರ ಯಾರ ಬೆಳಕಿಗೂ ಅಡ್ಡವಿಲ್ಲದಿದ್ದರೆ ತೆಗೆಯುವ ಅಗತ್ಯವೇನು? ಇನ್ನೊಂದು ನಡುದಾರಿಯೂ ಇದೆ. ಕೆಳಗಿನ ಕೊಂಬೆಗಳನ್ನು ಕಾಂಡದ ಬುಡದವರೆಗೆ ತೆಗೆದು ಮರವನ್ನು ಛತ್ರಿಯ ಹಾಗೆ ಮೇಲೆತ್ತಿದರೆ ಬುಡಕ್ಕೆ ಓರೆ ಬೆಳಕು ಬರುತ್ತದೆ. ಅಲ್ಲಿ ಸ್ನೋಡ್ರಾಪ್, ಸೈಕ್ಲಮೆನ್, ಎಪಿಮೀಡಿಯಂ ಬದುಕುತ್ತವೆ. ಮುದಿ ಜುನಿಪರ್‌ನ ತಿರುಚಿದ ಕಾಂಡ ಹೀಗೆ ಹೊರಬಿದ್ದಾಗ ಅದನ್ನು ಕಡಿಯಲು ಹೊರಟವರೇ ಮನಸ್ಸು ಬದಲಿಸುತ್ತಾರೆ.

ಲೆಸ್ಟರ್‌ನ ಪರಿಚಿತರೊಬ್ಬರ ಮನೆಗೆ ಹಾಸನದಿಂದ ಅವರ ತಾಯಿ ಬಂದಿದ್ದರು. ಲೇಲ್ಯಾಂಡಿ ತೆಗೆಸಿದ ಮರುವರ್ಷ. “ಇಷ್ಟು ಬಿಸಿಲು ಬೀಳೋ ಗೋಡೆ ಇಟ್ಕೊಂಡು ಒಂದು ಮಲ್ಲಿಗೆ ಬಳ್ಳಿ ಇಲ್ವಲ್ಲೋ ಮಗನೇ” ಎಂದರಂತೆ. “ಅಮ್ಮ, ಹೋದ ವರ್ಷ ಅಲ್ಲಿ ಬಿಸಿಲೇ ಇರ್ಲಿಲ್ಲ” ಎಂದು ಇವರು. ಮೈಸೂರು ಮಲ್ಲಿಗೆ ಇಲ್ಲಿನ ಹೊರಗಿನ ಚಳಿ ತಡೆಯದು. ಬಿಳಿ ಬೇಸಿಗೆ ಮಲ್ಲಿಗೆ, ಜಾಸ್ಮಿನಮ್ ಅಫಿಸಿನಾಲೆ, ತಡೆಯುತ್ತದೆ. ನಾನೂರು ವರ್ಷಕ್ಕೂ ಹಿಂದೆ ಇಲ್ಲಿಗೆ ಬಂದ ಅದು ದಕ್ಷಿಣಕ್ಕೆ ಮುಖಮಾಡಿದ ಗೋಡೆಗೆ ಹಬ್ಬಿ ಜುಲೈನಲ್ಲಿ ಘಮಘಮಿಸುತ್ತದೆ. ಬೇಲಿ ಇದ್ದ ಪಟ್ಟಿಯಲ್ಲಿ ಅವರು ಅಡ್ಡ ಹಲಗೆ ಕಟ್ಟಿ, ಕಾಂಪೋಸ್ಟ್ ತುಂಬಿ, ಮೇ ತಿಂಗಳಲ್ಲಿ ಮೆಂತ್ಯ, ಕೊತ್ತಂಬರಿ ಬಿತ್ತಿದರು, ಹಿಂದಿನ ಗಡಿಗೆ ಹಾಥಾರ್ನ್ ಸಾಲು. ಕರಿಬೇವು ಮಾತ್ರ ಕುಂಡದಲ್ಲೇ, ಅಕ್ಟೋಬರ್ ಬಂದರೆ ಅಡುಗೆಮನೆಯ ಕಿಟಕಿಗೆ. ಮೊದಲ ವರ್ಷದ ಮೆಂತ್ಯ ಸೊಪ್ಪು ತೆಳುವಾಗಿಯೇ ಬಂತು, ಹಳೆಯ ಬೇರಿನ ಮೇಲೆ ಮಣ್ಣು ಆಳವಿರಲಿಲ್ಲ. ಎರಡನೆಯ ಶರತ್ಕಾಲದಲ್ಲಿ ಕುದುರೆಗೊಬ್ಬರ ಹರಡಿ, ಮೇಲೆ ರಟ್ಟು ಹಾಸಿ, ಚಳಿಗಾಲಕ್ಕೆ ಹಾಗೆಯೇ ಬಿಟ್ಟರು.